ಸಿನಿಮಾ ಯಾರದು, ಚಾನೆಲ್ ಯಾರದು?

ತೊಂಬತ್ತರ ದಶಕದ ಕೊನೆಯಲ್ಲಿ ಮನೆಗೆ ಕೇಬಲ್ ಹಾಕಿಸಿಕೊಂಡಿದ್ದವರಿಗೆ ಇದು ನೆನಪಿರಬಹುದು. ಹಗಲೆಲ್ಲ ಟಾಮ್ ಮತ್ತು ಜೆರ್ರಿ ಓಡಾಡುತ್ತಿದ್ದ ಕಾರ್ಟೂನ್ ನೆಟ್‌ವರ್ಕ್ ರಾತ್ರಿ ಒಂದು ಹೊತ್ತಿಗೆ ತಟ್ಟನೆ ಮಾಯವಾಗುತ್ತಿತ್ತು. ಅದೇ ನಂಬರಿನಲ್ಲಿ ಟಿಎನ್‌ಟಿ ಎಂಬ ಇನ್ನೊಂದು ಚಾನೆಲ್ ಶುರುವಾಗುತ್ತಿತ್ತು. ಸಿಂಹವೊಂದು ಕತ್ತು ಹೊರಳಿಸಿ ಗರ್ಜಿಸುತ್ತಿತ್ತು. ಆಮೇಲೆ ಕಪ್ಪು-ಬಿಳುಪಿನಲ್ಲಿ ಟೋಪಿ ಹಾಕಿದ ಗಂಡಸರು ಸಿಗರೇಟು ಹಚ್ಚಿಕೊಂಡು, ನಮ್ಮ ಕಿವಿಗೆ ನಿಲುಕದ ವೇಗದಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ಮನೆಯ ಮಕ್ಕಳೆಲ್ಲ ಮುಖ ಸಣ್ಣದು ಮಾಡಿಕೊಂಡು ಮಲಗಲು ಎದ್ದು ಹೋಗುತ್ತಿದ್ದರು. ನಾನು ಕೆಲವು ರಾತ್ರಿ ಅಪ್ಪನ ಪಕ್ಕದಲ್ಲೇ ಕೂತಿರುತ್ತಿದ್ದೆ. ಕಥೆ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೆ ಆ ಮುಖಗಳ ಮೇಲೆ ಬೀಳುತ್ತಿದ್ದ ಬೆಳಕನ್ನು ನೋಡುತ್ತ ಕೂರಲು ಇಷ್ಟವಾಗುತ್ತಿತ್ತು.

ಹಗಲಿನ ಆ ಬೆಕ್ಕು-ಇಲಿ, ರಾತ್ರಿಯ ಆ ಸಿಂಹ, ಎರಡೂ ಒಂದೇ ಗೋದಾಮಿನಿಂದ ಬರುತ್ತಿದ್ದವು ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಟಾಮ್ ಅಂಡ್ ಜೆರ್ರಿ ಹುಟ್ಟಿದ್ದು ಎಂಜಿಎಂ ಸ್ಟುಡಿಯೋದಲ್ಲಿ. ಗರ್ಜಿಸುವ ಸಿಂಹವೂ ಎಂಜಿಎಂನದೇ. ಅಮೆರಿಕದ ಅಟ್ಲಾಂಟಾದ ಟೆಡ್ ಟರ್ನರ್ ಎಂಬ ಟಿವಿ ಉದ್ಯಮಿ 1986ರಲ್ಲಿ ಆ ಸ್ಟುಡಿಯೋವನ್ನು ಕೊಂಡರು. ಹಳೆಯ ಹಾಲಿವುಡ್ ಸಿನಿಮಾಗಳಿಗೇ ಮೀಸಲಾದ ಟರ್ನರ್ ಕ್ಲಾಸಿಕ್ ಮೂವೀಸ್, ಅಂದರೆ ಟಿಸಿಎಂ ಚಾನೆಲ್ಲಿನ ಬೇರು ಇರುವುದು ಆ ವ್ಯಾಪಾರದಲ್ಲಿ. ಮಾಲೀಕ ಕಂಪನಿಯೇ ಮಾರಾಟಕ್ಕೆ ಬಂದಾಗಿನಿಂದ ಆ ಚಾನೆಲ್ಲಿನ ಭವಿಷ್ಯದ ಬಗ್ಗೆ ಅಷ್ಟು ಜನ ಯಾಕೆ ಆತಂಕಪಡುತ್ತಿದ್ದಾರೆ ಎಂದು ತಿಳಿಯಲು ಅಲ್ಲಿಂದಲೇ ಶುರುಮಾಡಬೇಕು.

ಟರ್ನರ್ ಅವರಿಗೆ ಸ್ಟುಡಿಯೋ ನಡೆಸುವ ಆಸೆ ಇದ್ದಿರಬಹುದು, ಆದರೆ ಅದಕ್ಕೆ ಬೇಕಾದ ದುಡ್ಡಿರಲಿಲ್ಲ. ಸುಮಾರು 150 ಕೋಟಿ ಡಾಲರ್‌ಗೆ ನಡೆದ ಆ ಖರೀದಿಯ ಸಾಲ ಅವರ ಕಂಪನಿಯನ್ನೇ ಮುಳುಗಿಸುವಂತಿತ್ತು. ಮೂರು ತಿಂಗಳಾಗುವುದರೊಳಗೆ ಹೆಚ್ಚಿನದನ್ನೆಲ್ಲ ಮಾರಿಬಿಟ್ಟರು. ಸ್ಟುಡಿಯೋ ಜಾಗ ಬೇರೆ ಕಂಪನಿಗೆ ಹೋಯಿತು. ಎಂಜಿಎಂ ಹೆಸರು, ಸಿಂಹದ ಲಾಂಛನ, ಹೊಸ ಸಿನಿಮಾ ತಯಾರಿಸುವ ವ್ಯವಹಾರ ಹಳೆಯ ಮಾಲೀಕ ಕರ್ಕ್ ಕರ್ಕೋರಿಯನ್ ಕೈಗೆ ವಾಪಸ್ ಹೋದವು. ಟರ್ನರ್ ಬಿಡದೆ ಹಿಡಿದುಕೊಂಡದ್ದು ಒಂದನ್ನೇ: ಹಳೆಯ ಸಿನಿಮಾಗಳ ಭಂಡಾರ. ಅದರಲ್ಲಿ 3,000ಕ್ಕೂ ಹೆಚ್ಚು ಸಿನಿಮಾಗಳಿದ್ದವು. 1986ರವರೆಗಿನ ಎಂಜಿಎಂ ಚಿತ್ರಗಳು, 1950ಕ್ಕೆ ಹಿಂದಿನ ವಾರ್ನರ್ ಬ್ರದರ್ಸ್ ಚಿತ್ರಗಳು, ಆರ್‌ಕೆಓ ಸ್ಟುಡಿಯೋದ ಬಹುಪಾಲು ಚಿತ್ರಗಳ ಹಕ್ಕು.

ಇದರ ಫಲ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. 'ದಿ ವಿಝರ್ಡ್ ಆಫ್ ಆಝ್' ಶುರುವಾದಾಗ ಮೊದಲು ಗರ್ಜಿಸುವುದು ಎಂಜಿಎಂ ಸಿಂಹ. 2022ರಲ್ಲಿ ಎಂಜಿಎಂ ಅನ್ನು ಅಮೆಜಾನ್ ಕೊಂಡಿತು, ಹಾಗಾಗಿ ಸಿಂಹ ಅಮೆಜಾನ್‌ನದು. ಸಿಂಹ ಸುಮ್ಮನಾದ ಮೇಲೆ ಬರುವ ಸಿನಿಮಾ ಮಾತ್ರ ಟರ್ನರ್ ಭಂಡಾರದ ಮೂಲಕ ವಾರ್ನರ್ ಬ್ರದರ್ಸ್ ಪಾಲಾಯಿತು. ಒಂದೇ ರೀಲಿನಲ್ಲಿ ಇಬ್ಬರು ಮಾಲೀಕರು.

'ಕಾಸಾಬ್ಲಾಂಕಾ'ದ ದಾರಿ ಇನ್ನೂ ಸುತ್ತಿನದು. ಅದನ್ನು 1942ರಲ್ಲಿ ಮಾಡಿದ್ದು ವಾರ್ನರ್ ಬ್ರದರ್ಸ್. ಒಂದು ಸಲ ಥಿಯೇಟರಿನಲ್ಲಿ ಓಡಿದ ಸಿನಿಮಾಕ್ಕೆ ಮುಂದೆ ಬೆಲೆಯಿಲ್ಲ ಎಂಬ ಅಂದಾಜಿನಲ್ಲಿ 1956ರಲ್ಲಿ ಆ ಕಂಪನಿ ತನ್ನ ಹಳೆಯ ಸಿನಿಮಾಗಳನ್ನೆಲ್ಲ ಸಾರಾಸಗಟಾಗಿ 2.1 ಕೋಟಿ ಡಾಲರ್‌ಗೆ ಮಾರಿತು. ಕೊಂಡವರು ಅವನ್ನು ಟಿವಿ ಸ್ಟೇಷನ್‌ಗಳಿಗೆ ಬಾಡಿಗೆಗೆ ಕೊಟ್ಟು ದುಡ್ಡು ಮಾಡಿದರು. ಎರಡು ವರ್ಷದಲ್ಲಿ ಆ ಗಂಟು ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಇನ್ನೊಂದು ಸಿನಿಮಾ ಕಂಪನಿಯ ಕೈಗೆ ಹೋಯಿತು. 1981ರಲ್ಲಿ ಯುನೈಟೆಡ್ ಆರ್ಟಿಸ್ಟ್ಸನ್ನು ಎಂಜಿಎಂ ಕೊಂಡಿತು, 1986ರಲ್ಲಿ ಎಂಜಿಎಂನಿಂದ ಟರ್ನರ್‌ಗೆ ಬಂತು, 1996ರಲ್ಲಿ ಟರ್ನರ್ ಕಂಪನಿಯೇ ವಾರ್ನರ್ ಬ್ರದರ್ಸ್‌ನ ಮಾಲೀಕ ಕಂಪನಿ ಟೈಮ್ ವಾರ್ನರ್‌ನೊಳಗೆ ಸೇರಿತು. ಮನೆಮಗಳು ತವರಿಗೆ ಮರಳಲು ಸರಿಯಾಗಿ 40 ವರ್ಷ ಹಿಡಿಯಿತು. ಈ ನಲವತ್ತು ವರ್ಷದಲ್ಲಿ ಮೂಲ ಸಿನಿಮಾದ ಒಂದು ಫ್ರೇಮೂ ಬದಲಾಗಲಿಲ್ಲ. ಅದನ್ನು ಯಾರು, ಯಾವಾಗ, ಎಲ್ಲಿ ನೋಡಬಹುದು ಎಂಬುದು ಮಾತ್ರ ಪ್ರತಿ ಮಾರಾಟದಲ್ಲೂ ಬದಲಾಯಿತು.

ಮಾಲೀಕನಿಗೆ ಎಷ್ಟು ಅಧಿಕಾರ ಇರುತ್ತದೆ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದೂ ಟರ್ನರ್ ಅವರೇ. ಎಂಬತ್ತರ ದಶಕದಲ್ಲಿ ಅವರು ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರ್‌ನಿಂದ ಬಣ್ಣ ಬಳಿಸಲು ಹೊರಟರು. ನಿರ್ದೇಶಕ ಜಾನ್ ಹ್ಯೂಸ್ಟನ್ ಬಹಿರಂಗವಾಗಿ ತಿರುಗಿಬಿದ್ದರು. ಜಗಳ ಅಮೆರಿಕದ ಸಂಸತ್ತಿನವರೆಗೂ ಹೋಗಿ, 1988ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಕಾಯ್ದೆ ಬಂತು. 'ಸಿಟಿಝನ್ ಕೇನ್' ಮಾತ್ರ ಉಳಿದುಕೊಂಡಿತು. ಅದರ ನಿರ್ದೇಶಕ ಆರ್ಸನ್ ವೆಲ್ಸ್ ಅವರ ಮೂಲ ಕರಾರು ಅಷ್ಟು ಬಿಗಿಯಾಗಿತ್ತು, ಬಣ್ಣ ಮುಟ್ಟಿಸಲು ಟರ್ನರ್ ಅವರ ವಕೀಲರಿಗೆ ದಾರಿ ಸಿಗಲಿಲ್ಲ. ಒಂದು ಕಲಾಕೃತಿಯನ್ನು ಕಾಪಾಡಿದ್ದು ಹಳೆಯ ಕಾಗದವೊಂದರ ಕೆಲವು ಸಾಲುಗಳು.

ಅದೇ ಟರ್ನರ್ 1994ರ ಏಪ್ರಿಲ್ 14ರಂದು ಟಿಸಿಎಂ ಶುರುಮಾಡಿದರು. ಎಡಿಸನ್ ಕಂಪನಿಯ ಕೈನೆಟೋಸ್ಕೋಪ್ ಯಂತ್ರದಲ್ಲಿ ನ್ಯೂಯಾರ್ಕಿನ ಜನ ಮೊದಲ ಬಾರಿ ದುಡ್ಡು ಕೊಟ್ಟು ಚಲಿಸುವ ಚಿತ್ರ ನೋಡಿ ಅಂದಿಗೆ ಸರಿಯಾಗಿ ನೂರು ವರ್ಷವಾಗಿತ್ತು. ಮೊದಲು ತೋರಿಸಿದ್ದು 'ಗಾನ್ ವಿತ್ ದ ವಿಂಡ್'. ಈ ಸಲ ನಿಯಮವೇ ಬೇರೆ: ಕತ್ತರಿ ಇಲ್ಲ, ನಡುವೆ ಜಾಹೀರಾತಿಲ್ಲ, ಕಪ್ಪು-ಬಿಳುಪು ಕಪ್ಪು-ಬಿಳುಪಾಗಿಯೇ ಇರಬೇಕು. ಬಣ್ಣದ ಹಟ ಹಿಡಿದಿದ್ದ ಮನುಷ್ಯ ಎಂಟು ವರ್ಷದೊಳಗೆ ಇಂಥದ್ದನ್ನು ಕಟ್ಟಿದ್ದಕ್ಕೆ ನಾನಂತೂ ಅವರಿಗೆ ಋಣಿ.

ಚಾನೆಲ್ ಅಂದರೆ ಏನು

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಆ ಸಿನಿಮಾಗಳೆಲ್ಲ ಇವತ್ತು ಡಿಸ್ಕ್‌ನಲ್ಲೋ ಆ್ಯಪ್‌ನಲ್ಲೋ ಸಿಗುತ್ತವಲ್ಲ, ಚಾನೆಲ್ ಹೋದರೇನಂತೆ ಎಂದು ಹಲವರು ಕೇಳುತ್ತಾರೆ. ಭಂಡಾರ ಬೇರೆ, ಚಾನೆಲ್ ಬೇರೆ. ಭಂಡಾರ ಅಂದರೆ ಹಕ್ಕುಪತ್ರಗಳು ಮತ್ತು ತಣ್ಣನೆಯ ಕೋಣೆಯಲ್ಲಿ ಇಟ್ಟ ನೆಗೆಟಿವ್ ಡಬ್ಬಗಳು. ಚಾನೆಲ್ ಅಂದರೆ ಇವತ್ತು ರಾತ್ರಿ ಎಂಟಕ್ಕೆ ಯಾವುದನ್ನು ಹಾಕಬೇಕು, ಅದರ ಹಿಂದೆ-ಮುಂದೆ ಯಾವುದಿರಬೇಕು ಎಂದು ಯೋಚಿಸುವ ಜನ.

ರಾಬರ್ಟ್ ಆಸ್‌ಬರ್ನ್ ಶುರುವಿನ ದಿನದಿಂದ ಆ ಚಾನೆಲ್ಲಿನ ಮುಖವಾಗಿದ್ದರು. ಮನೆಯ ನಡುಮನೆಯಂತೆ ಸಜ್ಜು ಮಾಡಿದ ಸೆಟ್‌ನಲ್ಲಿ ನಿಂತೋ ಕೂತೋ ಕೆಲವೇ ನಿಮಿಷ ಮಾತಾಡುತ್ತಿದ್ದರು: ಈ ಪಾತ್ರಕ್ಕೆ ಮೊದಲು ಯಾರನ್ನು ಕೇಳಿದ್ದರು, ಸ್ಟುಡಿಯೋದವರಿಗೆ ಈ ಸಿನಿಮಾ ಯಾಕೆ ಬೇಡವಾಗಿತ್ತು, ಮೂರನೇ ದೃಶ್ಯದಲ್ಲಿ ಬಾಗಿಲು ತೆರೆಯುವವನು ಮುಂದೆ ಏನಾದ. ಮೇಷ್ಟರ ಧಾಟಿ ಇರುತ್ತಿರಲಿಲ್ಲ, ಪಕ್ಕದ ಮನೆಯ ಹಿರಿಯರು ಜಗಲಿಯ ಮೇಲೆ ಕೂತು ಹೇಳಿದಂತಿರುತ್ತಿತ್ತು. 2017ರಲ್ಲಿ ಅವರು ತೀರಿಕೊಂಡರು. ಬೆನ್ ಮ್ಯಾಂಕಿವಿಚ್ 2003ರಿಂದ ಇದ್ದಾರೆ. 'ಸಿಟಿಝನ್ ಕೇನ್' ಚಿತ್ರಕಥೆಯ ಸಹ ಲೇಖಕ ಹರ್ಮನ್ ಮ್ಯಾಂಕಿವಿಚ್ ಅವರ ಮೊಮ್ಮಗ. ಎಡ್ಡಿ ಮುಲ್ಲರ್ ಅಪರಾಧ ಕಥೆಗಳ ನೋಆರ್ ಚಿತ್ರಗಳನ್ನು ಪರಿಚಯಿಸುತ್ತಾರೆ. ಜಾಕ್ವೆಲಿನ್ ಸ್ಟುವರ್ಟ್ ಎಂಬ ಪ್ರೊಫೆಸರ್ ಮೂಕಿ ಚಿತ್ರಗಳನ್ನು. ಹೆಸರೇ ಕೇಳಿರದ 1931ರ ಚಿತ್ರವೊಂದನ್ನು ನೋಡುಗ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಯಾರೋ ನಂಬಿಕಸ್ಥರು ಕೂರಿಸಿ ತೋರಿಸಬೇಕು. ನನ್ನ ಮಟ್ಟಿಗೆ ಟಿಸಿಎಂನ ಆಸ್ತಿಯೆಂದರೆ ಇದು, ಮತ್ತು ಯಾವ ಕಂಪನಿಯ ಆಸ್ತಿ ಪಟ್ಟಿಯಲ್ಲೂ ಇದಕ್ಕೆ ಒಂದು ಸಾಲು ಇರುವುದಿಲ್ಲ.

ತೋರಿಸುವುದೆಲ್ಲ ಸ್ವಂತದ್ದೂ ಅಲ್ಲ. ಒಂದು ತಿಂಗಳು ಒಬ್ಬ ನಟಿಯ ಚಿತ್ರಗಳನ್ನು ಹಾಕೋಣ ಎಂದರೆ ಅವರು ನಾಲ್ಕು ಸ್ಟುಡಿಯೋಗಳಲ್ಲಿ ದುಡಿದಿರುತ್ತಾರೆ. ಕೊಲಂಬಿಯಾ ಚಿತ್ರಗಳಿಗೆ ಸೋನಿಯ ಹತ್ತಿರ ಹೋಗಬೇಕು. ಹಳೆಯ ಫಾಕ್ಸ್ ಚಿತ್ರಗಳು 2019ರಿಂದ ಡಿಸ್ನಿಯವು. ಪ್ಯಾರಾಮೌಂಟ್‌ನ 1929ರಿಂದ 1949ರವರೆಗಿನ ಸುಮಾರು 700 ಚಿತ್ರಗಳನ್ನು ಆ ಕಂಪನಿ 1958ರಲ್ಲೇ ಮಾರಿಬಿಟ್ಟಿತ್ತು, ಅವೀಗ ಯುನಿವರ್ಸಲ್ ಹತ್ತಿರ ಇವೆ. ಇಷ್ಟು ದಿನದೊಳಗೆ ಇಷ್ಟು ಸಲ ಮಾತ್ರ ತೋರಿಸಬಹುದು ಎಂಬ ಷರತ್ತಿನ ಮೇಲೆ ಬಾಡಿಗೆಗೆ ತರಬೇಕು. ಹೆಚ್ಚಿನ ಸ್ಟುಡಿಯೋಗಳಿಗೆ ಈಗ ತಮ್ಮದೇ ಆ್ಯಪ್ ಇದೆ, ಒಳ್ಳೆಯದನ್ನು ಹೊರಗೆ ಕೊಡಲು ಮನಸ್ಸಿಲ್ಲ. ಹೀಗಿರುವಾಗ ಟಿಸಿಎಂ ಬೆನ್ನಿಗೆ ಅದೇ ಸೂರಿನಡಿ ವಾರ್ನರ್, ಎಂಜಿಎಂ, ಆರ್‌ಕೆಓ ಭಂಡಾರ ಇದ್ದದ್ದು ಎಷ್ಟು ದೊಡ್ಡ ಬಲ ಎಂದು ಗೊತ್ತಾಗುತ್ತದೆ. ಸ್ವಂತ ಗದ್ದೆಯ ಅಕ್ಕಿ ಇದ್ದವರು ತರಕಾರಿಗಷ್ಟೇ ಸಂತೆಗೆ ಹೋಗುತ್ತಾರೆ.

ದುಡ್ಡು ಎಲ್ಲಿಂದ

ಜಾಹೀರಾತೇ ಇಲ್ಲದ ಚಾನೆಲ್ ಬದುಕುವುದು ಹೇಗೆ? ಅಮೆರಿಕದಲ್ಲಿ ಕೇಬಲ್ ಕಂಪನಿ ಪ್ರತಿ ಮನೆಯ ಲೆಕ್ಕದಲ್ಲಿ ಪ್ರತಿ ಚಾನೆಲ್‌ಗೆ ತಿಂಗಳಿಗೆ ಇಷ್ಟು ಎಂದು ಕೊಡುತ್ತದೆ. ನಮ್ಮಲ್ಲಿ ಪ್ಯಾಕ್ ಹಾಕಿಸಿಕೊಂಡಾಗ ನೋಡದ ಚಾನೆಲ್‌ಗೂ ದುಡ್ಡು ಕಟ್ಟುತ್ತೇವಲ್ಲ, ಅದೇ ಲೆಕ್ಕ. ಕ್ರಿಕೆಟ್ ನೋಡುವವನು ಕಟ್ಟಿದ ದುಡ್ಡಿನಲ್ಲಿ ಒಂದು ಚೂರು ಭಕ್ತಿ ಚಾನೆಲ್ಲಿಗೂ ಹೋಗುವ ಹಾಗೆ, ಅಮೆರಿಕದಲ್ಲಿ ಫುಟ್‌ಬಾಲ್ ನೋಡುವವನು ಕಟ್ಟಿದ್ದರಲ್ಲಿ ಕೆಲವು ಸೆಂಟ್ ಮೂಕಿ ಚಿತ್ರಗಳಿಗೆ ಹೋಗುತ್ತಿತ್ತು. ಸುಮಾರು 10 ಕೋಟಿ ಮನೆಗಳು ಕೇಬಲ್ ಅಥವಾ ಡಿಶ್ ಇಟ್ಟುಕೊಂಡಿದ್ದ ಕಾಲದಲ್ಲಿ ಆ ಕೆಲವು ಸೆಂಟುಗಳೇ ಸಾಕಾಗುತ್ತಿದ್ದವು.

ಹತ್ತು-ಹನ್ನೆರಡು ವರ್ಷದಿಂದ ಆ ಮನೆಗಳು ಒಂದೊಂದಾಗಿ ಕೇಬಲ್ ತೆಗೆಸಿ ಸ್ಟ್ರೀಮಿಂಗ್‌ಗೆ ಹೋಗುತ್ತಿವೆ. ಉಳಿದ ಮನೆಗಳಲ್ಲೂ ಪ್ಯಾಕ್ ಸಣ್ಣದಾಗುತ್ತಿದೆ. 2019ರಲ್ಲಿ ದೊಡ್ಡ ಕೇಬಲ್ ಕಂಪನಿ ಕಾಮ್‌ಕಾಸ್ಟ್ ಟಿಸಿಎಂ ಅನ್ನು ಮಾಮೂಲಿ ಪ್ಯಾಕ್‌ನಿಂದ ತೆಗೆದು, ಹೆಚ್ಚುವರಿ ದುಡ್ಡು ಕೊಡಬೇಕಾದ ಕ್ರೀಡಾ ಪ್ಯಾಕ್‌ಗೆ ಸೇರಿಸಿತು. ಹಳೆಯ ಸಿನಿಮಾ ನೋಡುವ ಎಪ್ಪತ್ತೈದು ವರ್ಷದ ಅಜ್ಜಿ ಆಟದ ಚಾನೆಲ್‌ಗಳ ಗೊಂಚಲು ಕೊಳ್ಳಬೇಕಾಯಿತು. ಹೀಗೆ ದಾರಿ ತಪ್ಪಿಸಿದಾಗ ಕಳೆದುಹೋದ ನೋಡುಗರು ವಾಪಸ್ ಬರುವುದು ಕಷ್ಟ.

ಜಾಹೀರಾತು ಹಾಕಿಬಿಟ್ಟರೆ ಆಗದೇ ಎಂದರೆ, ಅದಕ್ಕೂ ಒಂದು ಪಾಠ ಕಣ್ಣಮುಂದೆ ಇದೆ. ಅಮೆರಿಕನ್ ಮೂವಿ ಕ್ಲಾಸಿಕ್ಸ್ ಎಂಬ ಚಾನೆಲ್ 1984ರಲ್ಲೇ ಇದೇ ಕೆಲಸ ಶುರುಮಾಡಿತ್ತು, ಅದರಲ್ಲೂ ಜಾಹೀರಾತಿರಲಿಲ್ಲ. 2000ದ ದಶಕದ ಆರಂಭಕ್ಕೆ ಸಿನಿಮಾದ ನಡುವೆ ಜಾಹೀರಾತು ಬಂತು. ಜಾಹೀರಾತಿನವರಿಗೆ ಎಳೆಯ ವಯಸ್ಸಿನ ನೋಡುಗರು ಬೇಕು, ಹಾಗಾಗಿ ಹೊಸ ಸಿನಿಮಾಗಳು ಬಂದವು, ಆಮೇಲೆ ಸ್ವಂತ ಧಾರಾವಾಹಿಗಳು. ಎಎಂಸಿ ಎಂಬ ಆ ಚಾನೆಲ್ ಧಾರಾವಾಹಿಗಳಿಂದ ದೊಡ್ಡ ಹೆಸರು ಮಾಡಿತು. ಹಳೆಯ ಸಿನಿಮಾ ಅಲ್ಲಿ ಉಳಿಯಲಿಲ್ಲ.

ಯಜಮಾನರು ಬದಲಾದದ್ದು

1996ರಲ್ಲಿ ಟೈಮ್ ವಾರ್ನರ್. 2001ರಲ್ಲಿ ಇಂಟರ್ನೆಟ್ ಕಂಪನಿ ಎಓಎಲ್ ಜೊತೆ ವಿಲೀನ, ಮರುವರ್ಷವೇ 9,870 ಕೋಟಿ ಡಾಲರ್ ನಷ್ಟ. 2018ರ ಜೂನ್‌ನಲ್ಲಿ ಸುಮಾರು 8,500 ಕೋಟಿ ಡಾಲರ್ ಕೊಟ್ಟು ದೂರವಾಣಿ ಕಂಪನಿ ಎಟಿ ಅಂಡ್ ಟಿ ಕೊಂಡಿತು. 2022ರ ಏಪ್ರಿಲ್‌ನಲ್ಲಿ ಡಿಸ್ಕವರಿ ಜೊತೆ ಸೇರಿಸಿ ಅದು ಕೈತೊಳೆದುಕೊಂಡಿತು. ಹೊಸ ಕಂಪನಿ ವಾರ್ನರ್ ಬ್ರದರ್ಸ್ ಡಿಸ್ಕವರಿ, ಮುಖ್ಯಸ್ಥ ಡೇವಿಡ್ ಝಾಸ್ಲಾವ್.

ಇವುಗಳಲ್ಲಿ ಒಂದು ವ್ಯಾಪಾರವೂ ಟಿಸಿಎಂಗಾಗಿ ನಡೆದದ್ದಲ್ಲ. ಎಲ್ಲೋ ದೂರದಲ್ಲಿ ಜಮೀನು ಮಾರಾಟವಾಗುತ್ತದೆ, ಆ ಜಮೀನಿನ ಮೂಲೆಯಲ್ಲಿ ಒಂದು ಹಳೆಯ ಗುಡಿ ಇರುತ್ತದೆ. ಕೊಂಡವನು ಆ ಗುಡಿಯನ್ನು ನೋಡಿಯೂ ಇರುವುದಿಲ್ಲ. ಅವನ ಕಣ್ಣು ಇರುವುದು ಸಾಲದ ಕಂತಿನ ಮೇಲೆ. ಡಿಸ್ಕವರಿ ವಿಲೀನದಲ್ಲಿ ಎಟಿ ಅಂಡ್ ಟಿಗೆ ಸಂದದ್ದು 4,000 ಕೋಟಿ ಡಾಲರ್‌ಗೂ ಹೆಚ್ಚು. ಹೊಸ ಕಂಪನಿ ಹುಟ್ಟಿದ್ದೇ ಆ ಸಾಲದ ಹೊರೆಯೊಂದಿಗೆ.

ಎಟಿ ಅಂಡ್ ಟಿ ಕಾಲದ ಒಂದು ಘಟನೆಯಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. 2016ರಲ್ಲಿ ಟಿಸಿಎಂನವರೇ, ಹಳೆಯ ಮತ್ತು ಕಲಾತ್ಮಕ ಚಿತ್ರಗಳನ್ನು ಡಿಸ್ಕ್‌ನಲ್ಲಿ ತರುವ ಕ್ರೈಟೀರಿಯನ್ ಕಂಪನಿಯ ಜೊತೆ ಸೇರಿ ಫಿಲ್ಮ್‌ಸ್ಟ್ರಕ್ ಎಂಬ ಸ್ಟ್ರೀಮಿಂಗ್ ಸೇವೆ ತೆರೆದಿದ್ದರು. ಕೇಬಲ್ ಬಿಟ್ಟು ಹೋಗುವವರ ಹಿಂದೆ ತಾವೂ ಹೋಗಲು ಅವರು ಮಾಡಿದ ಸರಿಯಾದ ಪ್ರಯತ್ನ ಅದು. ಹೊಸ ಮಾಲೀಕರು ಬಂದು ಐದು ತಿಂಗಳಾಗುವಷ್ಟರಲ್ಲಿ, ಇದು ಸಣ್ಣ ಗುಂಪಿನ ಸೇವೆ ಎಂದು ಹೇಳಿ ಮುಚ್ಚುವ ತೀರ್ಮಾನ ಹೊರಬಿತ್ತು. ನಿರ್ದೇಶಕರು ಪತ್ರ ಬರೆದರು, ನೋಡುಗರು ಸಹಿ ಸಂಗ್ರಹಿಸಿದರು, ಏನೂ ನಡೆಯಲಿಲ್ಲ. 2018ರ ನವೆಂಬರ್ 29ಕ್ಕೆ ಬಾಗಿಲು ಹಾಕಿತು. ಕ್ರೈಟೀರಿಯನ್ 2019ರ ಏಪ್ರಿಲ್‌ನಲ್ಲಿ ತನ್ನದೇ ಸೇವೆ ಕಟ್ಟಿಕೊಂಡು ಬದುಕಿತು. ಟಿಸಿಎಂ ಮತ್ತೆ ಕೇಬಲ್ಲಿನ ಆಸರೆಗೇ ಬಿತ್ತು.

2023ರ ಜೂನ್ ಇನ್ನೂ ಕಹಿ. ಖರ್ಚು ಕಡಿತದ ಹೆಸರಿನಲ್ಲಿ ಚಾನೆಲ್ಲಿನ ಮುಖ್ಯಸ್ಥೆ ಪೋಲಾ ಚಾಂಗ್ನನ್, ಯಾವ ಸಿನಿಮಾ ಯಾವಾಗ ಎಂದು ನಿರ್ಧರಿಸುತ್ತಿದ್ದ ಚಾರ್ಲ್ಸ್ ಟಬೇಶ್ ಸೇರಿ ಮೇಲಿನ ಸಾಲಿನವರನ್ನು ಒಟ್ಟಿಗೆ ಮನೆಗೆ ಕಳಿಸಿದರು. ಸ್ಟೀವನ್ ಸ್ಪೀಲ್‌ಬರ್ಗ್, ಮಾರ್ಟಿನ್ ಸ್ಕಾರ್ಸೆಸಿ, ಪಾಲ್ ಥಾಮಸ್ ಆ್ಯಂಡರ್ಸನ್ ಮೂವರೂ ನೇರ ಝಾಸ್ಲಾವ್ ಜೊತೆ ಮಾತಾಡಿ ಜಂಟಿ ಹೇಳಿಕೆ ಕೊಟ್ಟರು. ಕೆಲವೇ ದಿನಗಳಲ್ಲಿ ಟಬೇಶ್ ಅವರನ್ನು ಉಳಿಸಿಕೊಳ್ಳುವುದಾಗಿ ಕಂಪನಿ ಹೇಳಿತು. ಚಾನೆಲ್ಲಿನ ಮೇಲುಸ್ತುವಾರಿಯನ್ನು ಸ್ಟುಡಿಯೋ ನಡೆಸುವ ಮೈಕಲ್ ಡಿ ಲುಕಾ, ಪಮೇಲಾ ಆ್ಯಬ್ಡಿ ಅವರಿಗೆ ವಹಿಸಿತು.

ನೆಮ್ಮದಿಯ ಸುದ್ದಿಯೇ ಹೌದು. ಆದರೂ ಅದರಲ್ಲಿ ನನ್ನನ್ನು ಕಾಡುವುದು ಒಂದಿದೆ. ಜಗತ್ತಿನ ಅತಿ ದೊಡ್ಡ ನಿರ್ದೇಶಕರು ಮೂವರು ಫೋನ್ ಎತ್ತಿಕೊಂಡರೆ ಮಾತ್ರ ಉಳಿಯುವ ಸಂಸ್ಥೆ ಎಷ್ಟು ದಿನ ಉಳಿದೀತು? ಯಾವ ಕರಾರೂ, ಯಾವ ಕಾಯ್ದೆಯೂ ಅದನ್ನು ಕಾಯುತ್ತಿಲ್ಲ. ಒಬ್ಬ ಮುಖ್ಯಸ್ಥನ ಮನಸ್ಸು ಕರಗಿದ್ದಕ್ಕೆ ಉಳಿಯಿತು. ಮುಂದಿನವನು ಯಾರೋ.

ಆ ಮುಂದಿನವನ ಪ್ರಶ್ನೆ 2025ರಲ್ಲಿ ಎದುರಿಗೆ ಬಂದು ನಿಂತಿತು. ಅದಕ್ಕೆ ಮೊದಲೇ, 2024ರ ಆಗಸ್ಟ್‌ನಲ್ಲಿ, ಕಂಪನಿ ತನ್ನ ಟಿವಿ ಚಾನೆಲ್‌ಗಳ ಮೌಲ್ಯವನ್ನು ಲೆಕ್ಕಪತ್ರದಲ್ಲಿ 910 ಕೋಟಿ ಡಾಲರ್‌ನಷ್ಟು ಇಳಿಸಿತ್ತು. ಅಂದರೆ ಇವುಗಳಿಗೆ ನಾವು ಅಂದುಕೊಂಡ ಬೆಲೆ ಇಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. 2025ರ ಜೂನ್‌ನಲ್ಲಿ ತನ್ನನ್ನು ಎರಡು ಪಾಲು ಮಾಡಿಕೊಳ್ಳುವುದಾಗಿ ಹೇಳಿತು: ಸ್ಟುಡಿಯೋ ಮತ್ತು ಸ್ಟ್ರೀಮಿಂಗ್ ಒಂದು ಕಡೆ, ಟಿವಿ ಚಾನೆಲ್‌ಗಳು ಇನ್ನೊಂದು ಕಡೆ. ಡಿಸೆಂಬರ್ 5ರಂದು ನೆಟ್‌ಫ್ಲಿಕ್ಸ್ ಮೊದಲ ಪಾಲಿಗೆ ಮಾತ್ರ ಒಪ್ಪಂದ ಪ್ರಕಟಿಸಿತು, ಷೇರುಗಳ ಬೆಲೆ 7,200 ಕೋಟಿ ಡಾಲರ್. ಮೂರೇ ದಿನಕ್ಕೆ ಪ್ಯಾರಾಮೌಂಟ್ ಸ್ಕೈಡಾನ್ಸ್, ನನಗೆ ಚಾನೆಲ್‌ಗಳೂ ಸೇರಿ ಇಡೀ ಕಂಪನಿಯೇ ಬೇಕು ಎಂದು ಷೇರುದಾರರ ಮುಂದೆ ನೇರವಾಗಿ ಬೇಡಿಕೆ ಇಟ್ಟಿತು.

ಈ ಎರಡು ಬೇಡಿಕೆಗಳು ಎರಡು ಬೇರೆ ದಾರಿಗಳಾಗಿದ್ದವು, ಮತ್ತು ಟಿಸಿಎಂ ಎರಡಕ್ಕೂ ಸಲೀಸಾಗಿ ಹೊಂದುತ್ತಿರಲಿಲ್ಲ. ಸ್ವಭಾವದಲ್ಲಿ ಅದು ಕೇಬಲ್ ಚಾನೆಲ್, ಬದುಕುವುದು ಸ್ಟುಡಿಯೋದ ಭಂಡಾರದಿಂದ. ಮನೆ ಪಾಲಾಗುವಾಗ ಅಡುಗೆಮನೆ ಅಣ್ಣನಿಗೆ, ಕಣಜ ತಮ್ಮನಿಗೆ ಎಂದಾದರೆ ಏನಾಗುತ್ತದೋ ಅದೇ ಆಗುತ್ತದೆ. ಚಾನೆಲ್‌ಗಳ ಪಾಲಿಗೆ ಹೋದರೆ, ನಿನ್ನೆಯವರೆಗೆ ಸ್ವಂತದ್ದಾಗಿದ್ದ ಸಿನಿಮಾಗಳಿಗೆ ನಾಳೆ ಬಾಡಿಗೆ ಕಟ್ಟಬೇಕು. ಮೊದಲ ಕರಾರು ಹಗುರವಾಗಿಯೇ ಇರಬಹುದು, ನವೀಕರಣದ ಹೊತ್ತಿಗೆ ಕೈ ಹಿಡಿಯುವವರಿರುವುದಿಲ್ಲ. ಸ್ಟ್ರೀಮಿಂಗ್ ಕಂಪನಿಯ ಪಾಲಿಗೆ ಹೋದರೆ ಭಂಡಾರ ಜೊತೆಗಿರುತ್ತದೆ, ಆದರೆ ಇಂಥ ಹೊತ್ತಿಗೆ ಇಂಥ ಸಿನಿಮಾ ಎಂಬ ಕ್ರಮಕ್ಕೇ ಅಲ್ಲಿ ಬೆಲೆ ಕಡಿಮೆ. ಅಲ್ಲಿ ಸಾಲುಗಟ್ಟಿದ ಪೋಸ್ಟರುಗಳಲ್ಲಿ ಟಿಸಿಎಂ ಒಂದು ಸಾಲಿನ ಹೆಸರಾಗಿ ಕರಗಿಹೋಗಬಹುದು. ಇಡೀ ಕಂಪನಿ ಒಬ್ಬರಿಗೇ ಹೋದರೆ ಕಣಜ-ಅಡುಗೆಮನೆ ಒಟ್ಟಿಗೆ ಉಳಿಯುತ್ತವೆ, ಜೊತೆಗೆ ಇನ್ನೊಂದು ಬೆಟ್ಟದಷ್ಟು ಸಾಲವೂ ಬರುತ್ತದೆ. ಸಾಲ ಬಂದಾಗ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಎಂದು 2018, 2023 ಎರಡರಲ್ಲೂ ನೋಡಿಯಾಗಿದೆ.

ಒಂದು ದಿನ ಬೆಳಗಾಗುವಷ್ಟರಲ್ಲಿ ಚಾನೆಲ್ ನಿಂತುಹೋಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನನ್ನ ಭಯ ಬೇರೆ ಥರದ್ದು. ಬಾಡಿಗೆ ಸಿನಿಮಾ ಕಡಿಮೆಯಾಗಿ ಅವೇ ಐವತ್ತು ಹೆಸರಾಂತ ಚಿತ್ರಗಳು ತಿರುತಿರುಗಿ ಬರುವುದು, ಪರಿಚಯದ ಮಾತುಗಳು ಹಳೆಯ ರೆಕಾರ್ಡಿಂಗೇ ಆಗುವುದು, ಹೊಸದಾಗಿ ಸರಿಪಡಿಸಿದ ಪ್ರಿಂಟುಗಳು ನಿಲ್ಲುವುದು. ಹಳೆಯ ಚಿತ್ರಗಳ ನೈಟ್ರೇಟ್ ಫಿಲ್ಮ್ ಬೆಂಕಿ ತಗುಲಿದರೆ ಧಗ್ಗನೆ ಉರಿಯುತ್ತದೆ, ಹಾಗೇ ಬಿಟ್ಟರೆ ಕೊಳೆತು ಪುಡಿಯಾಗುತ್ತದೆ. ಎಂಜಿಎಂನ ರೋಜರ್ ಮೇಯರ್ ಎಂಬ ಅಧಿಕಾರಿ 1960ರ ದಶಕದಲ್ಲಿ ಹಟ ಹಿಡಿದು ಅವನ್ನೆಲ್ಲ ಸುರಕ್ಷಿತ ಫಿಲ್ಮ್‌ಗೆ ಇಳಿಸದೇ ಇದ್ದಿದ್ದರೆ ಟರ್ನರ್‌ಗೆ ಕೊಳ್ಳಲು ಇಷ್ಟು ಇರುತ್ತಿರಲಿಲ್ಲ. ಮುಂದೆ ಟರ್ನರ್ ಅವರೂ ಭಂಡಾರದ ಹೊಣೆಯನ್ನು ಮೇಯರ್‌ಗೇ ಒಪ್ಪಿಸಿದರು. ಇಂಥವರು ಇಲ್ಲದ ಕಡೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1934ರ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರಿಂಟೂ ಉಳಿದಿಲ್ಲ. ಅದೇ ವರ್ಷದ ಎಂಜಿಎಂ ಚಿತ್ರಗಳನ್ನು ಇವತ್ತೂ ಕನ್ನಡಿಯಷ್ಟು ಸ್ವಚ್ಛವಾಗಿ ನೋಡಬಹುದು.

ಕಾಪಿರೈಟ್ ಮುಗಿದ ಮೇಲೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ 95 ವರ್ಷದ ಹಕ್ಕು. ಟಿಸಿಎಂ ತೋರಿಸಿದ ಮೊದಲ ಚಿತ್ರ 'ಗಾನ್ ವಿತ್ ದ ವಿಂಡ್' 1939ರದ್ದು, 2035ರ ಜನವರಿ 1ಕ್ಕೆ ಅದು ಎಲ್ಲರದೂ ಆಗುತ್ತದೆ. ಅಂದು ಯಾರು ಬೇಕಾದರೂ ಅದನ್ನು ತೋರಿಸಬಹುದು. ಮೂಲ ನೆಗೆಟಿವ್‌ನಿಂದ ತೆಗೆದ ಒಳ್ಳೆಯ ಪ್ರತಿ ಮಾತ್ರ ಆಗಿನ ಮಾಲೀಕರ ಬೀಗದೊಳಗೇ ಇರುತ್ತದೆ. ತೋರಿಸುವ ಮೊದಲು ಎರಡು ನಿಮಿಷ ನಿಂತು, ಆ ಸಿನಿಮಾ ಕರಿಯರ ಗುಲಾಮಗಿರಿಯನ್ನು ಎಷ್ಟು ಸುಂದರ ಮಾಡಿ ತೋರಿಸಿದೆ, ಅದರಲ್ಲಿ ನಟಿಸಿ ಆಸ್ಕರ್ ಗೆದ್ದ ಹ್ಯಾಟಿ ಮೆಕ್‌ಡೇನಿಯಲ್ ಅವರನ್ನು ಪ್ರಶಸ್ತಿಯ ರಾತ್ರಿ ಬೇರೆ ಮೇಜಿನಲ್ಲಿ ಯಾಕೆ ಕೂರಿಸಿದ್ದರು ಎಂದು ಹೇಳುವವರೊಬ್ಬರು ಆಗಲೂ ಸಂಬಳದ ಮೇಲೆ ಇರುತ್ತಾರೋ ಇಲ್ಲವೋ, ಅದನ್ನು ಈ ವ್ಯಾಪಾರವೇ ನಿರ್ಧರಿಸುತ್ತದೆ.